ಏಳನೇ ನಿಲುಗಡೆ

ಫೆಬ್ರವರಿ 3, ಸೋಮವಾರ

ಪ್ರಾಯೋಗಿಕ ಪರೀಕ್ಷೆಯ ವಿವರ ಇವತ್ತು ಹೇಳಿದರು. ಅದೇ ದರಿದ್ರ ಪರೀಕ್ಷೆ. ಹೋದ ವರ್ಷ ಮೊದಲನೇ ನಿಲುಗಡೆಯಲ್ಲೇ ಬಾಯಿ ಕಟ್ಟಿಹೋಗಿ, ಛತ್ರಿ ಮೇಲೆತ್ತಿಕೊಂಡು ದೀಪದ ಕಂಬದ ಹಾಗೆ ನಿಂತುಬಿಟ್ಟಿದ್ದೆನಲ್ಲ, ಅದು. ಪ್ರವಾಸಿಗರಾಗಿ ನಿಂತಿದ್ದ ಸಹಪಾಠಿಗಳು ಮೊದಲು ಕಾದರು, ಆಮೇಲೆ ಕೆಮ್ಮಿದರು, ಕೊನೆಗೆ ಯಾರೋ "ಪಾಪ" ಅಂದರು. ಫೇಲಾಗಿದ್ದನ್ನು ಮರೆತೇನು, ಆ "ಪಾಪ"ವನ್ನು ಮರೆಯಲಾರೆ.

ಈ ಸಲ ನಿಯಮ ಇನ್ನೂ ಬಿಗಿ. ಊರೊಳಗೆ ಏಳು ನಿಲುಗಡೆಗಳ ಒಂದು ನಡಿಗೆ ಪ್ರವಾಸ ನಡೆಸಬೇಕು. ಪ್ರವಾಸಿಗರನ್ನು ನಾವೇ ಕರೆತರಬೇಕು. ಕನಿಷ್ಠ ಐದು ಜನ, ವಿಶ್ವವಿದ್ಯಾಲಯದವರು ಆಗುವಂತಿಲ್ಲ. ಕೊನೆಯ ನಿಲುಗಡೆ ಒಂದು ಸಾಧಾರಣ ಮನೆಯೋ ಅಂಗಡಿಯೋ ಆಗಿರಬೇಕು. ಅಲ್ಲಿರುವವರನ್ನು ಮಾತಾಡಿಸಿ ಅವರ ಬದುಕಿನ ಕಥೆ ತಂದು ಹೇಳಬೇಕು. ನಿಲುಗಡೆಗಳನ್ನು ಈ ತಿಂಗಳೇ ಒಪ್ಪಿಸಬೇಕು, ಆಮೇಲೆ ಬದಲಿಸುವಂತಿಲ್ಲ.

ಗಡಿಯಾರ ಮೇಷ್ಟ್ರು (ಮಾತಿಗೊಮ್ಮೆ ಮಣಿಕಟ್ಟು ನೋಡಿಕೊಳ್ಳುವುದಕ್ಕೆ ನಾನಿಟ್ಟ ಹೆಸರು) ಕಡ್ಡಿ ಮುರಿದ ಹಾಗೆ ಹೇಳಿದರು: "ಪ್ರವಾಸೋದ್ಯಮ ಅಂದ್ರೆ ಜನ. ಐದು ಜನಾನ ಸೇರಿಸೋಕೆ ಆಗದವರು ಬೇರೆ ಏನಾದ್ರೂ ಓದಬಹುದು." ಹೇಳುವಾಗ ಅವರು ನೋಡಿದ್ದು ಗಡಿಯಾರವನ್ನೇ. ಆದರೂ ನನ್ನನ್ನೇ ನೋಡಿದ ಹಾಗಿತ್ತು.

ಎರಡನೇ ಸಲವೂ ಫೇಲಾದರೆ ಈ ಕೋರ್ಸಿನಿಂದ ಹೊರಗೆ. ಹೊರಗೆ ಬಿದ್ದವಳಿಗೆ ಜಾಗ ಸಿದ್ಧವಾಗಿದೆ, ಭಾವನ ಸೂಟ್‌ಕೇಸ್ ಅಂಗಡಿಯ ಕೌಂಟರ್. ಊರೂರು ಸುತ್ತುವವರಿಗೆ ಪೆಟ್ಟಿಗೆ ಮಾರಿಕೊಂಡು ನಾನು ಅಲ್ಲೇ ಕೂರಬೇಕು.

ಫೆಬ್ರವರಿ 5, ಬುಧವಾರ

ಅಕ್ಕ ಫೋನ್ ಮಾಡಿದ್ದಳು. "ಏನೇ ಸಿಡುಕಿ, ಫ್ರೆಂಡ್ಸ್ ಆದ್ರಾ?" ಅಂದಳು. ಬೇಕಾದಷ್ಟು ಜನ ಇದ್ದಾರೆ, ಭಾನುವಾರ ಎಲ್ಲರೂ ಸೇರಿ ನದಿ ಕಡೆ ಹೋಗಿದ್ದೆವು ಅಂದೆ. ನದಿ ಕಡೆ ಹೋಗಿದ್ದಂತೂ ನಿಜ. ಇನ್ನೇನು ಐದು ಜನರ ವಿಷಯ ಎತ್ತಬೇಕು ಅನ್ನುವಷ್ಟರಲ್ಲಿ ಮಗು ಕಿರುಚಿತು. "ಆಮೇಲೆ ಮಾಡ್ತೀನಿ ಕಣೇ" ಅಂತ ಇಟ್ಟಳು. ಈಚೆಗೆ ಅವಳ "ಆಮೇಲೆ" ಬರುವುದೇ ಇಲ್ಲ.

ಅಮ್ಮ ಹೋದ ಮೇಲೆ ನನ್ನ ತಲೆ ಬಾಚಿದವಳು, ಬೈದವಳು, ಸಾಕಿದವಳು ಎಲ್ಲ ಅವಳೇ. ಅವಳ ಮದುವೆಯವರೆಗೂ ಒಂದೇ ಮಂಚದಲ್ಲಿ ಮಲಗುತ್ತಿದ್ದೆವು. ಈಗ ಆ ಜಾಗದಲ್ಲಿ ಎರಡು ಕೆ.ಜಿ. ಚಿಲ್ಲರೆ ತೂಕದ ಇನ್ನೊಬ್ಬಳು ಮಲಗಿದ್ದಾಳೆ. ಅವಳ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ಕೆಟ್ಟವಳಲ್ಲ ನಾನು. ಸ್ವಲ್ಪ ಪಡುತ್ತೇನೆ.

ಪಕ್ಕದ ಮನೆಗೆ ಹೋಗಿ ಒಂದು ಚಿಟಿಕೆ ಉಪ್ಪು ಕೇಳಲಾರದವಳು ಪ್ರವಾಸಿಗರನ್ನು ಹೇಗೆ ಸುತ್ತಿಸುತ್ತೀಯ ಅಂತ ಸೇರುವಾಗಲೇ ಅವಳು ಕೇಳಿದ್ದಳು. ಅದಕ್ಕೇ ಸೇರಿದೆ. ಹಟಕ್ಕೆ.

ಫೆಬ್ರವರಿ 11, ಮಂಗಳವಾರ

ಮೊದಲನೇ ಅಭ್ಯಾಸ ಇವತ್ತು ಸಂಜೆ. ರೈಲು ನಿಲ್ದಾಣದ ಕಮಾನು, ಹಳೇ ಅಂಚೆ ಕಚೇರಿ, ಮುಚ್ಚಿದ ಚಿತ್ರಮಂದಿರ, ಗ್ರಂಥಾಲಯ, ಕಲ್ಲಿನ ಸೇತುವೆ, ಮಾರುಕಟ್ಟೆಯ ಕಾರಂಜಿ, ಹೀಗೆ ಆರು. ಗೈಡ್ ಆದವಳು ಪ್ರವಾಸಿಗರಿಗೆ ಬೆನ್ನು ಹಾಕಬಾರದು, ಅವರ ಕಡೆ ಮುಖ ಮಾಡಿ ಹಿಂದಕ್ಕೆ ನಡೆಯುತ್ತ ಮಾತಾಡಬೇಕು. ನಾನೂ ಮಡಿಸಿದ ಛತ್ರಿ ಮೇಲೆತ್ತಿ, ಯಾರೂ ಇಲ್ಲದ ಬೀದಿಗೆ ಮುಖ ಮಾಡಿ, ಹಿಂದಕ್ಕೆ ಹಿಂದಕ್ಕೆ ನಡೆದೆ. "ಎಲ್ಲರೂ ಬಂದಿರಾ? ಹಿಂದೆ ಯಾರಾದರೂ ಉಳಿದಿದ್ದಾರಾ?" ಅಂತ ಕೇಳಿದೆ. ಒಂದು ನಾಯಿ ನಿಂತು ನೋಡಿತು. ಅದಕ್ಕೂ ನನ್ನ ಪ್ರವಾಸ ಹಿಡಿಸಲಿಲ್ಲ, ಹೋಯಿತು. ಛತ್ರಿ ಅಕ್ಕನದು, ಕೆಂಪು ಬಣ್ಣದ್ದು, ಒಂದು ಕಡ್ಡಿ ಮುರಿದಿದೆ.

ಏಳನೆಯದಕ್ಕೆ ಮಾರುಕಟ್ಟೆ ಹಿಂದಿನ ಇಕ್ಕಟ್ಟಾದ ಬೀದಿ ಹಿಡಿದೆ. ತುದಿಯಲ್ಲಿ ಅಂಚೆ ಡಬ್ಬ, ನಡುವೆ ಒಂದು ಕ್ಷೌರದಂಗಡಿ, ಒಂದು ತರಕಾರಿ ಅಂಗಡಿ, ಎದುರಿಗೆ ಒಂದು ಮಹಡಿ ಮನೆ. ಮಹಡಿಯ ಮೇಲೆ, ಸಂದಿ ಬಿಟ್ಟು ಮರದ ಪಟ್ಟಿ ಜೋಡಿಸಿದ ಹಸಿರು ಬಾಗಿಲುಗಳ ಕಿಟಕಿ, ಪೂರ್ತಿ ಮುಚ್ಚಿದ್ದು. ಕೆಳಗೆ ಕರೆಗಂಟೆ. ಗಂಟೆಯ ಮೇಲೆ ಬೆರಳಿಟ್ಟೆ. ಒತ್ತಿದರೆ ಯಾರೋ ಬರುತ್ತಾರೆ, ಯಾರಮ್ಮ ನೀನು ಅನ್ನುತ್ತಾರೆ, ನಾನು ಉಗುಳು ನುಂಗುತ್ತೇನೆ, ಅವರು "ಪಾಪ" ಅನ್ನುತ್ತಾರೆ. ಬೆರಳು ತೆಗೆದೆ.

ಬೀದಿಯ ಮಧ್ಯಕ್ಕೆ ಬಂದು ಬಾಯಿಗೆ ಬಂದದ್ದು ಹೇಳಿದೆ. ಈ ಕಿಟಕಿಯ ಹಿಂದೆ ಒಬ್ಬ ಹೆಂಗಸು ಇದ್ದಾಳೆ, ಗಂಡ ಹಡಗಿನಲ್ಲಿ ಅಡುಗೆಯವನು, ಹೋದವನು ಬಂದಿಲ್ಲ, ಅವನು ಬರುವ ತನಕ ಕಿಟಕಿ ತೆಗೆಯುವುದಿಲ್ಲ ಅಂತ ಕೂತಿದ್ದಾಳೆ. ಎಷ್ಟು ಸಲೀಸಾಗಿ ಬಂತು! ಆರು ನಿಜವಾದ ನಿಲುಗಡೆಗಳಲ್ಲಿ ತೊದಲಿದವಳು ಸುಳ್ಳಿನ ನಿಲುಗಡೆಯಲ್ಲಿ ಅರಳು ಹುರಿದ ಹಾಗೆ ಮಾತಾಡಿದೆ.

ಫೆಬ್ರವರಿ 17, ಸೋಮವಾರ

ಏಳೂ ನಿಲುಗಡೆಗಳನ್ನು ಒಪ್ಪಿಸಿಬಿಟ್ಟೆ. ಮೇಷ್ಟ್ರು ಏಳನೆಯದನ್ನು ಓದಿ, "ಮಾತಾಡಿಸಿದೆಯಾ?" ಅಂದರು. ಹೂಂ ಅಂದೆ. ಯಾರು ಹೋಗಿ ಕೇಳುತ್ತಾರೆ?

ಕಥೆಯಲ್ಲಿ ಗಂಡ ಸಪ್ಪೆ ಅನ್ನಿಸಿದ. ತೆಗೆದುಹಾಕಿ ಅಣ್ಣ ಅಂತ ಮಾಡಿದೆ. ಜಗಳ ಆಡಿಕೊಂಡು ಹೋದವನು.

ಫೆಬ್ರವರಿ 24, ಸೋಮವಾರ

ದಿನಾ ಸಂಜೆ ಅದೇ ದಾರಿ. ಅಂಚೆ ಡಬ್ಬದ ಹತ್ತಿರ ತಿರುಗಿ ಹಿಂದಕ್ಕೆ ನಡೆಯುತ್ತ ಕಿಟಕಿಯ ಕೆಳಗೆ ಬರುವಷ್ಟರಲ್ಲಿ ಗಂಟಲು ಸಡಿಲವಾಗಿರುತ್ತದೆ. ಮನೆಯಲ್ಲಿ ಇಡೀ ದಿನ ಬಾಯಿ ಬಿಡುವುದಿಲ್ಲವಲ್ಲ, ಅದಕ್ಕೇ ಇರಬೇಕು.

ಇವತ್ತು ಹಿಂದಕ್ಕೆ ನಡೆಯುವಾಗ ಕ್ಷೌರದಂಗಡಿಯ ಬೆಂಚಿಗೆ ಬಡಿದು ಕೂತೇಬಿಟ್ಟೆ. ಕ್ಷೌರದವರು ಗಿರಾಕಿಯ ಗಲ್ಲದ ಮೇಲಿನ ನೊರೆ ಹಾಗೇ ಬಿಟ್ಟು ಹೊರಗೆ ಬಂದರು. ಬೈಯುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು, "ಅಲ್ಲಮ್ಮಾ, ಆ ಅಣ್ಣ ಕೊನೆಗೆ ಬಂದನೋ ಇಲ್ವೋ?" ಇಷ್ಟು ವರ್ಷ ಆ ಕಿಟಕಿಯ ಎದುರಿಗೇ ಕತ್ತರಿ ಆಡಿಸಿದ್ದಾರಂತೆ, ಇಂಥ ಕಥೆ ಇದೆ ಅಂತ ಗೊತ್ತೇ ಇರಲಿಲ್ಲವಂತೆ. ಇನ್ನೂ ಬಂದಿಲ್ಲ ಅಂದು ಕಾಲಿಗೆ ಬುದ್ಧಿ ಹೇಳಿದೆ. ವಾಚಾಳಿ ಮನುಷ್ಯ. ಗಿರಾಕಿಗಳ ತಲೆಯನ್ನು ಎರಡು ರೀತಿಯಲ್ಲೂ ತಿನ್ನುತ್ತಾರೆ.

ಆದರೂ ಅಣ್ಣನೂ ಬೇಡ ಅನ್ನಿಸಿತು. ಅಕ್ಕ ಅಂತ ಮಾಡಿದೆ. ಕಿಟಕಿಯಲ್ಲಿ ಕೂತವಳು ತಂಗಿ. ಅಕ್ಕ ಮದುವೆಯಾಗಿ ಹೋದವಳು, ಆಮೇಲೆ ಬರುತ್ತೇನೆ ಅಂದವಳು, ಬರಲಿಲ್ಲ. ಪ್ರವಾಸಿಗರಿಗೆ ಇಂಥ ಕಥೆ ಹಿಡಿಸುತ್ತದೆ ಅಂತ ಬದಲಿಸಿದ್ದು, ಬೇರೇನಿಲ್ಲ.

ಮಾರ್ಚ್ 4, ಮಂಗಳವಾರ

ತರಗತಿಯಲ್ಲಿ ನನ್ನ ಪಕ್ಕ ಕೂರುವವಳಿಗೆ ಜಾಹೀರಾತು ಅಂತ ಹೆಸರಿಟ್ಟಿದ್ದೇನೆ. ಯಾವಾಗ ನೋಡಿದರೂ ಹಲ್ಲುಪುಡಿ ಮಾರುವವಳ ನಗು. ಅವಳಿಗೆ ಪ್ರವಾಸಿಗರು ಹೆಚ್ಚಾಗಿದ್ದಾರಂತೆ. ಚಿಕ್ಕಪ್ಪನ ಮನೆಯವರನ್ನೆಲ್ಲ ನನಗೆ ಕೊಡುತ್ತಾಳಂತೆ. "ನಿನಗೆ ಯಾರೂ ಇಲ್ಲ ಅಲ್ವಾ" ಅಂದಳು. ಮೆಲ್ಲಗೇ ಅಂದಳು, ಒಳ್ಳೆಯ ಮನಸ್ಸಿನಿಂದಲೇ ಅಂದಳು. ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ನನ್ನವರು ಬರುತ್ತಾರೆ, ನಿನ್ನವರನ್ನು ನೀನೇ ಇಟ್ಟುಕೋ ಅಂದೆ.

ಹಾಗಂದ ಮೇಲೆ ಅಕ್ಕನಿಗೆ ಫೋನ್ ಮಾಡಲೇಬೇಕಾಯಿತು. ಮಾಡಿದೆ. ಬರುತ್ತಾಳಂತೆ! ಭಾವ, ಭಾವನ ಅಪ್ಪ ಅಮ್ಮ, ಮಗು ಎಲ್ಲರೂ. ಮಗುವನ್ನು ಲೆಕ್ಕಕ್ಕೆ ಹಿಡಿದರೆ ಅಲ್ಲಿಗೇ ಐದು. ಮಗುವಿಗೆ ಸೇತುವೆಯ ಇತಿಹಾಸ ಎತ್ತಿಕೊಂಡು ಹೇಳಿದರಾಯಿತು. "ನಿನ್ನ ಬಾಯಿಂದ ಒಂದು ಗಂಟೆ ಮಾತು ಕೇಳೋಕೆ ಎಷ್ಟು ದೂರದಿಂದ ಬೇಕಾದ್ರೂ ಬರ್ತೀನಿ" ಅಂದಳು. ಖುಷಿಯಾಗಿದೆ. ಬರೆದಿಡುತ್ತೇನೆ, ಇವತ್ತು ಖುಷಿಯಾಗಿದೆ.

ಮಾರ್ಚ್ 7, ಶುಕ್ರವಾರ

ಜ್ವರ.

ಮಾರ್ಚ್ 9, ಭಾನುವಾರ

ಇನ್ನೂ ಜ್ವರ. ಅಕ್ಕನಿಗೆ ಹೇಳಲಿಲ್ಲ, ಮಗುವಿಗೆ ಅಂಟೀತು ಅಂತ ಫೋನಿನಲ್ಲೂ ಹೆದರುತ್ತಾಳೆ. ಗೋಡೆಯ ಮೇಲಿನ ತೇವದ ಕಲೆ ನೋಡುತ್ತ ಮಲಗಿದ್ದೆ. ಸತ್ತರೂ ಬಾಡಿಗೆಯ ದಿನದವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಕೆಳಗಿನ ಮನೆಯ ಒಡತಿ ಬಂದು ಬಾಗಿಲು ಬಡಿದಳು. ಅವಳಿಗೂ ನನಗೂ ಇರುವ ಸಂಬಂಧ ಒಂದು ನಲ್ಲಿ ಮಾತ್ರ. ನಾನು ನೀರು ಬಿಟ್ಟರೆ ಅವಳ ಅಡುಗೆಮನೆಯ ಪೈಪು ಗೊರಗೊರ ಅನ್ನುತ್ತದೆ, ಅದಕ್ಕೆ ದಿನಾ ಬೈಗುಳ. ಇವತ್ತು ನೀರೇ ಬಿಟ್ಟಿರಲಿಲ್ಲ, ಅದಕ್ಕೂ ಬಂದಳು. "ನಿನ್ನೆಯಿಂದ ಪೈಪು ಸದ್ದೇ ಇಲ್ಲ, ಏನು ಊರಿಗೆ ಹೋದ್ಯಾ?" ಅಂತ ಗದರಿದಳು. ಹಣೆ ಮುಟ್ಟಿ ನೋಡಿ ಹೋಗಿ, ಗಂಜಿ ತಂದು ಕುಕ್ಕಿದಳು. ಪಾತ್ರೆ ತೊಳೆದು ಕೊಡಬೇಕಂತೆ. ಎಲ್ಲದಕ್ಕೂ ಒಂದು ತಗಾದೆ.

ಮಾರ್ಚ್ 14, ಶುಕ್ರವಾರ

ಇವತ್ತು ಮತ್ತೆ ಅಭ್ಯಾಸಕ್ಕೆ ಹೋದೆ. ಅಂಚೆ ಡಬ್ಬದ ಹತ್ತಿರ ತಿರುಗಿ, ಹಿಂದಕ್ಕೆ ನಡೆದು, ಛತ್ರಿ ತೋರಿಸಿ "ಈ ಮುಚ್ಚಿದ ಕಿಟಕಿಯನ್ನು ನೋಡಿ" ಅಂದೆ. ನೋಡಿದರೆ ಕಿಟಕಿ ತೆರೆದಿದೆ! ಒಂದು ಬಾಗಿಲು ಪೂರ್ತಿ, ಇನ್ನೊಂದು ಅರ್ಧ. ನನ್ನ ಕಥೆಗೆ ಕಲ್ಲು ಬಿತ್ತು. ಮುಚ್ಚಿದ ಕಿಟಕಿಯ ಮೇಲೇ ಎಲ್ಲ ನಿಂತಿರುವುದು. ಇಷ್ಟು ದಿನ ತೆಗೆಯದವರು ಪರೀಕ್ಷೆ ಹತ್ತಿರ ಬಂದಾಗಲೇ ತೆಗೆಯಬೇಕೇ?

ಕ್ಷೌರದವರು ಬೇರೆ, ತಮ್ಮ ಅಂಗಡಿಯೊಳಗಿಂದಲೇ ಕೂಗಿ, ಎಲ್ಲಿ ಹೋಗಿದ್ರಿ, ವಾರವೆಲ್ಲ ಗಿರಾಕಿಗಳು ಕೇಳುತ್ತಿದ್ದರು ಅಂದರು. ತರಕಾರಿಯವಳೂ ತಲೆ ಎತ್ತಿ ನಕ್ಕಳು. ನನಗೆ ಅಭ್ಯಾಸ ಮಾಡಲು ಖಾಲಿ ಬೀದಿ ಬೇಕು. ಇವರದ್ದೊಂದು ಕಾಟ.

ಮಾರ್ಚ್ 22, ಶನಿವಾರ

ಇದನ್ನು ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತೇನೆ.

ಕಿಟಕಿ ತೆರೆದಿದ್ದರೂ ಅದೇ ಕಥೆ ಹೇಳುತ್ತ, ಅಕ್ಕ ಬರಲಿಲ್ಲ ಅನ್ನುವ ಸಾಲಿಗೆ ಬಂದಿದ್ದೆ. ಮೇಲಿಂದ ಒಂದು ದನಿ: "ಏ ಕೆಂಪು ಛತ್ರಿ, ಅಲ್ಲೇ ನಿಲ್ಲು." ಕಿಟಕಿಯಲ್ಲಿ ಒಬ್ಬ ಹೆಂಗಸು. ಬಿಳಿ ಕೂದಲು, ದಪ್ಪ ಗಾಜಿನ ಕನ್ನಡಕ, ಎರಡೂ ಕೈ ಕಿಟಕಿಯ ಕಟ್ಟೆಯ ಮೇಲೆ.

"ನನಗೆ ಅಕ್ಕನೂ ಇಲ್ಲ, ತಂಗಿಯೂ ಇಲ್ಲ. ತರಕಾರಿ ಕೊಡೋಕೆ ಬಂದವಳು, ಅಕ್ಕನಿಂದ ಏನಾದ್ರೂ ಸುದ್ದಿ ಬಂತಾ ಅಂತ ಕಣ್ಣಲ್ಲಿ ನೀರು ಹಾಕ್ಕೊಂಡು ಕೇಳ್ತಾಳೆ. ಎದುರಿನವನು ದಿನಾ ಪೇಪರ್ ಕಳಿಸ್ತಾನೆ, ಬೇಜಾರು ಕಳೀಲಿ ಅಂತ. ಬೀದಿಗೆ ಬೀದಿಯೇ ನನ್ನನ್ನ ಅಯ್ಯೋ ಪಾಪ ಅಂತಿದೆ. ಯಾರಿಗಮ್ಮಾ ನಾನು ಕಾಯ್ತಾ ಇರೋದು? ನಾನು ಯಾರಿಗೂ ಕಾಯ್ತಿಲ್ಲ. ಈ ಎದುರಿನವನ ರೇಡಿಯೋ ಗಲಾಟೆಗೆ ಕಿಟಕಿ ಮುಚ್ಚಿದ್ದೆ, ಅಷ್ಟೇ. ಕಥೆ ಬೇಕಿದ್ರೆ ಗಂಟೆ ಒತ್ತಿ ಕೇಳಬೇಕಿತ್ತು. ಒಂದು ದಿನ ನೀನು ಬೆರಳಿಟ್ಟೆ, ತೆಗೆದೆ. ನೋಡಿದ್ದೀನಿ ನಾನು."

ಕ್ಷೌರದವರ ಕತ್ತರಿ ನಿಂತಿತ್ತು. ತರಕಾರಿಯವಳು ತಕ್ಕಡಿ ಹಿಡಿದುಕೊಂಡೇ ಬಾಯಿ ತೆರೆದಿದ್ದಳು. ನನ್ನ ಬಾಯಿ ಹೋದ ವರ್ಷದ ಹಾಗೇ ಕಟ್ಟಿಹೋಯಿತು. ತಪ್ಪಾಯಿತು ಅನ್ನಲೂ ಬಾರದೆ ಓಡಿಬಂದೆ.

"ಪಾಪ" ಅನ್ನಿಸಿಕೊಳ್ಳುವುದು ಎಂಥದ್ದು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದನ್ನೇ ಒಯ್ದು ಅವರ ತಲೆಯ ಮೇಲೆ ಹಾಕಿ ಬಂದೆ.

ಮಾರ್ಚ್ 26, ಬುಧವಾರ

ಆ ಬೀದಿಗೆ ಹೋಗಲಿಲ್ಲ. ಕಾರಂಜಿಗೇ ಮುಗಿಸಿ, ಹಿಂದಿನ ರಸ್ತೆಯಲ್ಲಿ ಸುತ್ತಿ ಮನೆಗೆ ಬಂದೆ. ನಿಲುಗಡೆ ಬದಲಿಸಬಹುದೇ ಅಂತ ಮೇಷ್ಟ್ರನ್ನು ಕೇಳಿದೆ. ಗಡಿಯಾರ ನೋಡಿ ಇಲ್ಲ ಅಂದರು.

ಏಪ್ರಿಲ್ 2, ಬುಧವಾರ

ಅಕ್ಕ ಬರುವುದಿಲ್ಲ.

ಮಗುವಿಗೆ ಹೊಟ್ಟೆ ಸರಿಯಿಲ್ಲವಂತೆ, ಅಷ್ಟು ದೂರದ ಪ್ರಯಾಣ ಬೇಡ ಅಂದರಂತೆ ಡಾಕ್ಟರ್. ಅವಳು ಬರದಿದ್ದರೆ ಭಾವನ ಮನೆಯವರೂ ಇಲ್ಲ. "ಬೇಜಾರು ಮಾಡ್ಕೋಬೇಡ ಕಣೇ, ನಿನಗೆ ಅಷ್ಟೊಂದು ಜನ ಫ್ರೆಂಡ್ಸ್ ಇದ್ದಾರಲ್ಲ" ಅಂದಳು. ಹೌದು ಅಕ್ಕ, ಬೇಕಾದಷ್ಟು ಜನ ಇದ್ದಾರೆ, ಮಗು ನೋಡಿಕೋ ಅಂದೆ. ಫೋನ್ ಇಟ್ಟ ಮೇಲೆ ನಲ್ಲಿ ತಿರುಗಿಸಿ ಅದರ ಸದ್ದಿನಲ್ಲಿ ಅತ್ತೆ. ಬೈಗುಳಕ್ಕೆ ಕಾದೆ. ಕೆಳಗಿನವಳು ಇವತ್ತು ಬರಲಿಲ್ಲ.

ಏಪ್ರಿಲ್ 7, ಸೋಮವಾರ

ಪರೀಕ್ಷೆ ಗುರುವಾರ. ಜಾಹೀರಾತಿನ ಚಿಕ್ಕಪ್ಪನ ಮನೆಯವರನ್ನು ಆಗಲೇ ಬೇರೆ ಯಾರಿಗೋ ಕೊಟ್ಟಾಗಿದೆ. ಕೌಂಟರಿನ ಹಿಂದೆ ಕೂತು ಚಕ್ರದ ಸೂಟ್‌ಕೇಸನ್ನು ಆಚೆ ಈಚೆ ಉರುಳಿಸಿ ತೋರಿಸುವ ನಾನೇ ಕಣ್ಣಿಗೆ ಬಂದೆ. ಎದ್ದೆ. ಮೆಟ್ಟಿಲಿಳಿದು ಒಡತಿಯ ಬಾಗಿಲು ತಟ್ಟಿದೆ.

ನಡೆಯುವುದೇ, ಎಷ್ಟು ದೂರ, ಮಧ್ಯೆ ಕೂರಲು ಜಾಗ ಉಂಟೇ, ಬಿಸಿಲೇ ನೆರಳೇ ಅಂತ ತನಿಖೆ ಮಾಡಿದಳು. ಮುಚ್ಚಿದ ಚಿತ್ರಮಂದಿರವೂ ದಾರಿಯಲ್ಲಿದೆ ಅಂದಾಗ ತನಿಖೆ ಅಲ್ಲಿಗೇ ನಿಲ್ಲಿಸಿ, ಬರುತ್ತೇನೆ ಅಂದಳು. ಅಲ್ಲಿಂದ ಆ ಬೀದಿಗೆ. ತಲೆ ತಗ್ಗಿಸಿಕೊಂಡೇ ಕ್ಷೌರದವರ ಮುಂದೆ ನಿಂತೆ. ಕಥೆ ಕಟ್ಟಿದ್ದಕ್ಕೆ ಕ್ಷಮಿಸಿ ಅಂದೆ.

"ಕಟ್ಟಿದ್ದೋ ಬಿಟ್ಟಿದ್ದೋ, ಕೇಳೋಕೆ ಚೆನ್ನಾಗಿತ್ತು," ಅಂದರು ಅವರು. "ನೀವು ಪರೀಕ್ಷೆಗೆ ಅಂತ ತಯಾರಾಗ್ತಿರೋದು ಬೀದಿಗೆಲ್ಲ ಗೊತ್ತು. ನಮ್ಮನ್ನ ಕರೀತೀರೋ ಇಲ್ವೋ ಅಂತ ನೋಡ್ತಿದ್ದೆ." ತಮ್ಮ ಜೊತೆಗೆ ಒಬ್ಬ ಗಿರಾಕಿಯನ್ನೂ ಕರೆತರುವುದಾಗಿ ಹೇಳಿದರು. ಕನ್ನಡಿಯಲ್ಲಿ ಆ ಗಿರಾಕಿ, ಅರ್ಧ ಮೀಸೆಯಲ್ಲೇ, ತಲೆ ಆಡಿಸಿದರು. ತರಕಾರಿಯವಳು ಕರೆಯುವ ಮೊದಲೇ ಬರುತ್ತೇನೆ ಅಂದಳು.

ನಾಲ್ಕು. ಐದನೆಯದಕ್ಕೆ ಎದುರು ಮನೆಯ ಗಂಟೆಯ ಮೇಲೆ ಬೆರಳಿಟ್ಟೆ. ಒತ್ತಿದೆ. ಒಳಗೆಲ್ಲೋ ದೂರದಲ್ಲಿ ಗಂಟೆ ಸದ್ದು ಮಾಡಿತು. ಬಾಗಿಲು ತೆರೆಯಲಿಲ್ಲ. ತುಂಬ ಹೊತ್ತಾದ ಮೇಲೆ ಕಿಟಕಿಯಲ್ಲಿ ಅವರ ಮುಖ ಕಂಡಿತು.

ತಪ್ಪಾಯಿತು ಅಂದೆ. ಅದೊಂದೇ ಮಾತನ್ನು ಎರಡು ಮೂರು ಸಲ ಅಂದೆ. ಗುರುವಾರ ನನ್ನ ಜೊತೆ ನಡೆಯಲು ಬನ್ನಿ, ನೀವು ಬಂದರೆ ಐದು ಆಗುತ್ತದೆ ಅಂದೆ.

"ನಡೆಯೋಕೆ?" ಅಂದರು ಕಿಟಕಿಯಮ್ಮ. ಒಂಥರಾ ನಕ್ಕರು. "ನಾನು ಬರಲ್ಲ ಮಗು. ಹೋಗು."

ಕಿಟಕಿ ಮುಚ್ಚಲಿಲ್ಲ, ಒಳಗೆ ಹೋದರು. ಸಿಟ್ಟು ಹೋಗಿಲ್ಲ. ಯಾಕೆ ಹೋಗಬೇಕು?

ಏಪ್ರಿಲ್ 9, ಬುಧವಾರ

ಐದನೆಯವರು ಸಿಗಲಿಲ್ಲ. ಗ್ರಂಥಾಲಯದವರನ್ನು ಕೇಳಿದೆ, ನಾಳೆ ರಜೆಯಿಲ್ಲವಂತೆ. ಅಂಚೆ ಹಂಚುವವರನ್ನು ಕೇಳಿದೆ. ಬ್ರೆಡ್ಡಿನ ಅಂಗಡಿಯವಳನ್ನು ಕೇಳಿದೆ. ನದಿಯ ಹತ್ತಿರ ಗಾಳ ಹಾಕುವ ಮುದುಕರನ್ನೂ ಕೇಳಿದೆ. ಮೀನು ಬಿಟ್ಟು ಬರುವುದಿಲ್ಲ ಅಂದರು. ಎಲ್ಲರೂ ಇಲ್ಲ ಅಂದರು, ಆದರೆ ಎಲ್ಲರೂ ಒಳ್ಳೆಯದಾಗಲಿ ಅಂದರು. ಕೇಳಿ ಕೇಳಿ ಬಾಯಿ ಒಣಗಿದೆ. ಇನ್ನೇನಿಲ್ಲ.

ಏಪ್ರಿಲ್ 10, ಗುರುವಾರ

ಇದನ್ನು ಮೊದಲಿಂದ ಬರೆಯಬೇಕು, ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ಕಮಾನಿನ ಕೆಳಗೆ ನಾಲ್ಕು ಜನ ಬಂದಿದ್ದರು. ಒಡತಿ ಮಡಿಸುವ ಕುರ್ಚಿ ತಂದಿದ್ದಳು, ಅದನ್ನು ಗಿರಾಕಿಯ ಕೈಗೆ ಕೊಟ್ಟಿದ್ದಳು. ಗಡಿಯಾರ ಮೇಷ್ಟ್ರು ಎಣಿಸಿದರು. "ಒಬ್ಬರು ಕಮ್ಮಿ. ಮುಗಿಯೋದ್ರೊಳಗೆ ಐದು ಆಗದಿದ್ರೆ ನಾನೇನೂ ಮಾಡೋಕಾಗಲ್ಲ" ಅಂದರು. ಆಗಲಿ ಅಂದೆ. ಛತ್ರಿ ಎತ್ತಿದೆ.

ಬಾಯಿ ಕಟ್ಟಲಿಲ್ಲ. ಇಷ್ಟು ದಿನ ಗಾಳಿಗೆ ಹೇಳಿದ್ದನ್ನು ಮುಖಗಳಿಗೆ ಹೇಳುವುದು ಇಷ್ಟು ಬೇರೆ ಅಂತ ಗೊತ್ತಿರಲಿಲ್ಲ. ನಾನು ಹಿಂದಕ್ಕೆ ನಡೆಯುವಾಗ ಕ್ಷೌರದವರು "ಕಲ್ಲು ಇದೆ, ಎಡಕ್ಕೆ" ಅಂತ ನನ್ನ ಬೆನ್ನಿಗೆ ಕಣ್ಣಾದರು. ಮುಚ್ಚಿದ ಚಿತ್ರಮಂದಿರದ ಮುಂದೆ ಒಡತಿ ಕುರ್ಚಿ ಹಾಕಿಸಿಕೊಂಡು ಕೂತು, ಬಾಗಿಲಿನ ಬೀಗವನ್ನೇ ನೋಡುತ್ತ, ತನ್ನ ಗಂಡ ತನ್ನನ್ನು ಮೊದಲು ಕರೆತಂದದ್ದು ಇಲ್ಲಿಗೇ ಅಂದಳು. ಅದು ನನ್ನ ಪಾಠದಲ್ಲಿ ಇರಲಿಲ್ಲ. ನಿಲ್ಲಿಸಿ ಕೇಳಿದೆ. ಎಲ್ಲರೂ ಕೇಳಿದರು. ಮೇಷ್ಟ್ರು ಏನೋ ಬರೆದುಕೊಂಡರು.

ಕಾರಂಜಿ ಮುಗಿಯಿತು. ಅಂಚೆ ಡಬ್ಬದ ಹತ್ತಿರ ತಿರುಗಿ ಹಿಂದಕ್ಕೆ ನಡೆದೆ. ಕಿಟಕಿಯ ಕೆಳಗೆ ನಿಂತೆ. ಮೇಲೆ ನೋಡುವ ಧೈರ್ಯ ಬರಲಿಲ್ಲ.

"ಈ ನಿಲುಗಡೆಗೆ ನನ್ನ ಹತ್ತಿರ ಕಥೆ ಇಲ್ಲ," ಅಂದೆ. "ಇಲ್ಲಿ ಒಬ್ಬರು ಇದ್ದಾರೆ. ಅವರ ಹೆಸರೂ ನನಗೆ ಗೊತ್ತಿಲ್ಲ. ಒಂದು ತಿಂಗಳಿಗೂ ಹೆಚ್ಚು ಕಾಲ ದಿನಾ ಈ ಕಿಟಕಿಯ ಕೆಳಗೆ ನಿಂತು ಅವರ ಬಗ್ಗೆ ಸುಳ್ಳು ಹೇಳಿದೆ. ಯಾಕಂದ್ರೆ ಗಂಟೆ ಒತ್ತೋಕೆ ಹೆದರಿಕೆ ಆಯ್ತು. ಕಾಯ್ತಾ ಕೂತಿದ್ದು ಅವರಲ್ಲ, ನಾನು. ನನ್ನ ಅಕ್ಕನಿಗೆ."

ಹಾಗನ್ನಬೇಕು ಅಂದುಕೊಂಡಿರಲೇ ಇಲ್ಲ. ಎಲ್ಲಿಂದ ಬಂತೋ. ತರಕಾರಿಯವಳು ಮೂಗು ಒರೆಸಿಕೊಂಡಳು. ಮೇಷ್ಟ್ರು ಮಣಿಕಟ್ಟು ನೋಡಿ, "ಹಾಗಾದ್ರೆ ನಾಲ್ಕೇ" ಅಂದರು.

"ಐದು," ಅಂತ ಮೇಲಿಂದ ದನಿ ಬಂತು. "ನನ್ನ ಮಂಡಿ ಎರಡೂ ಹೋಗಿವೆ, ಮೆಟ್ಟಿಲು ಇಳಿದು ವರ್ಷಗಳಾದವು. ನಡೆಯೋಕೆ ಕರೆದ್ರೆ ಎಲ್ಲಿಂದ ಬರ್ಲಿ? ಬಾಗಿಲು ಬರೀ ಮುಂದಕ್ಕೆ ಹಾಕಿದೆ, ಚಿಲಕ ಹಾಕಿಲ್ಲ. ನೀವೇ ಬನ್ನಿ."

ಕಿರಿದಾದ ಮೆಟ್ಟಿಲು, ಒಬ್ಬರ ಹಿಂದೆ ಒಬ್ಬರು ಹತ್ತಿದೆವು. ಕೊನೆಯಲ್ಲಿ ಕುರ್ಚಿ ಹಿಡಿದ ಗಿರಾಕಿ. ಒಂದೇ ಕೋಣೆ. ಮಂಚ, ಒಲೆ, ಗೋಡೆಗೆ ನೇತುಹಾಕಿದ ಬೇರೆ ಬೇರೆ ಕನ್ನಡಕಗಳು. ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ ಮಾಡುತ್ತಿದ್ದರಂತೆ. ಇಷ್ಟು ದಿನದಲ್ಲಿ ನನಗೆ ಗೊತ್ತಾದ ಅವರ ಮೊದಲ ನಿಜ ಅದು. ಕಿಟಕಿಯ ಪಕ್ಕ ಒಂದು ಕುರ್ಚಿ, ಅದರ ಮೇಲೆ ಹಳ್ಳ ಬಿದ್ದ ದಿಂಬು. ನನ್ನನ್ನು ಅದರಲ್ಲಿ ಕೂರಿಸಿದರು. "ಈಗ ನೀನು ನೋಡು" ಅಂದರು.

ಅರ್ಧ ತೆರೆದ ಬಾಗಿಲಿನ ಪಟ್ಟಿಗಳ ಸಂದಿಯಿಂದಲೇ ಇಡೀ ಬೀದಿ ಕಾಣುತ್ತಿತ್ತು, ತುದಿಯ ಅಂಚೆ ಡಬ್ಬದವರೆಗೂ.

"ನೀನು ಅಲ್ಲಿ ತಿರುಗಿದ ತಕ್ಷಣ ನಾನು ಹಾಲು ಒಲೆ ಮೇಲೆ ಇಡ್ತಿದ್ದೆ," ಅಂದರು ಕಿಟಕಿಯಮ್ಮ, ನನಗೊಬ್ಬಳಿಗೇ ಹೇಳುವ ಹಾಗೆ. "ನಿನ್ನ ಮಾತು ಮುಗಿಯೋದ್ರೊಳಗೆ ಟೀ ಆಗ್ತಿತ್ತು. ಒಂದು ವಾರ ನೀನು ಬರಲೇ ಇಲ್ಲ. ಏನಾಯ್ತೋ ಅಂತ ಕಿಟಕಿ ತಳ್ಳಿ ನೋಡಿದೆ. ಹಳೇ ಕಿಟಕಿ, ಸಿಕ್ಕಿಹಾಕ್ಕೊಂಡು ಮತ್ತೆ ಮುಚ್ಚಲೇ ಇಲ್ಲ. ಯಾರಿಗೂ ಕಾಯ್ತಿಲ್ಲ ಅಂತ ನಿನ್ನ ಬೈದೆ. ಬೈದ ಮೇಲೆ ನೀನು ಬರೋದು ಬಿಟ್ಟೆ ನೋಡು, ಆಗ ಗೊತ್ತಾಯ್ತು ನನಗೆ."

ಅವರ ಕೈ ಹಿಡಿದುಕೊಂಡೆ. ಬೇರೆಯವರ ಕೈ ಹಿಡಿದು ಎಷ್ಟು ದಿನವಾಗಿತ್ತೋ, ಬಿಡಲು ತೋಚಲಿಲ್ಲ.

ನಿಗದಿಯ ಹೊತ್ತು ಯಾವಾಗಲೋ ಮೀರಿತ್ತು. ಮೇಷ್ಟ್ರು ಮಂಚದ ಅಂಚಿನಲ್ಲಿ ಟೀ ಲೋಟ ಹಿಡಿದು ಕೂತಿದ್ದರು. ಕ್ಷೌರದವರು ಇನ್ನು ಮೇಲೆ ರೇಡಿಯೋ ಸಣ್ಣಗೆ ಹಾಕುವುದಾಗಿ ಮಾತು ಕೊಡುತ್ತಿದ್ದರು.

ಏಪ್ರಿಲ್ 18, ಶುಕ್ರವಾರ

ಪಾಸು. ಅಂಚಿನಲ್ಲಿ, ಆದರೂ ಪಾಸು. ಹೊತ್ತು ಮೀರಿದ್ದಕ್ಕೆ ಅಂಕ ಹೋಗಿದೆ, ಏಳನೇ ನಿಲುಗಡೆಗೆ ಕಥೆ ತರದಿದ್ದಕ್ಕೆ ಹೋಗಿದೆ. "ಐದನೆಯವರು ಪ್ರವಾಸಕ್ಕೆ ಬರಲಿಲ್ಲ, ಪ್ರವಾಸವೇ ಅವರ ಹತ್ತಿರ ಹೋಯ್ತು. ಇದು ಯಾವ ನಿಯಮದಲ್ಲಿ ಬರುತ್ತೋ ನನಗೂ ಗೊತ್ತಿಲ್ಲ" ಅಂದರು ಮೇಷ್ಟ್ರು. ಹಾಗಂದವರು ಗಡಿಯಾರ ನೋಡಲು ಮರೆತರು.

ಅಕ್ಕನಿಗೆ ಫೋನ್ ಮಾಡಿ ನಿಜ ಹೇಳಿದೆ, ಫ್ರೆಂಡ್ಸ್ ಯಾರೂ ಇರಲಿಲ್ಲ, ನೀನು ಬರದಿದ್ದಕ್ಕೆ ಅತ್ತೆ ಅಂತ. ಅವಳೂ ಅತ್ತಳು. "ಮೊದಲೇ ಹೇಳಬಾರದಿತ್ತಾ ಸಿಡುಕಿ" ಅಂದಳು. ಮಗು ಕಿರುಚಿತು. ನಾನೇ ಆಮೇಲೆ ಮಾಡುತ್ತೇನೆ ಅಂತ ಇಟ್ಟೆ.

ಈಚೆಗೆ ಇದನ್ನು ಬರೆಯಲು ಹೊತ್ತೇ ಸಿಗುತ್ತಿಲ್ಲ. ಒಡತಿಯ ಪಾತ್ರೆ ಇನ್ನೂ ಕೊಟ್ಟಿಲ್ಲ, ಬೈದಳು. ಇನ್ನು ಅಭ್ಯಾಸ ಮಾಡುವಂಥದ್ದು ಏನೂ ಉಳಿದಿಲ್ಲ. ಆದರೂ ಸಂಜೆಯಾಗುತ್ತಿದ್ದ ಹಾಗೆ ಛತ್ರಿ ತೆಗೆದುಕೊಂಡು ಹೊರಟೆ, ಅಂಚೆ ಡಬ್ಬದ ಹತ್ತಿರ ತಿರುಗಿ ನಿಂತೆ. ಸ್ವಲ್ಪ ಹೊತ್ತು ಅಲ್ಲೇ ನಿಂತೆ, ಹಾಲು ಒಲೆಗೆ ಏರಲಿ ಅಂತ. ಆಮೇಲೆ ಹಿಂದಕ್ಕೆ ನಡೆಯತೊಡಗಿದೆ.